ಬುಡ ಬಿಟ್ಟು ಕೊಯ್ದ ಅಣಬೆ

ಅರಿಜೋನಾ ಅಂದ್ರೆ ಬರೀ ಮರಳು, ಪಾಪಾಸುಕಳ್ಳಿ ಅಂತ ನಾನೂ ಅಂದ್ಕೊಂಡಿದ್ದೆ, ಈಗ ಇಲ್ಲಿ ಜನರನ್ನ ಅಣಬೆ ಹುಡುಕೋಕೆ ಕಾಡಿಗೆ ಕರ್ಕೊಂಡು ಹೋಗೋದೇ ನನ್ನ ಕೆಲಸ. ಕೆಳಗೆ ಫೀನಿಕ್ಸ್‌ನಲ್ಲಿ 40 ಡಿಗ್ರಿ ದಾಟಿರುತ್ತೆ, ಮೇಲೆ ಫ್ಲ್ಯಾಗ್‌ಸ್ಟಾಫ್ ಸುಮಾರು 2,100 ಮೀಟರ್ ಎತ್ತರ, ಸುತ್ತ ಪಾಂಡೆರೋಸಾ ಪೈನ್ ಕಾಡು. ಇಲ್ಲಿನ ಮಾನ್ಸೂನ್ ಲೆಕ್ಕ ಜೂನ್ 15ರಿಂದ ಸೆಪ್ಟೆಂಬರ್ 30, ನಾಲ್ಕೈದು ಸಲ ಚೆನ್ನಾಗಿ ಹೊಯ್ದ ಮೇಲೆ ಪೈನ್ ಬೇರಿಗೆ ಅಂಟ್ಕೊಂಡಿರೋ ಅಣಬೆ ಮೇಲೆ ಬರುತ್ತೆ. ಮಧ್ಯಾಹ್ನ ಸಿಡಿಲಿನ ಭಯ, ಅದಕ್ಕೆ ಬೆಳಿಗ್ಗೇನೇ ಹೊರಡ್ತೀವಿ.

ನನ್ನ ಎರಡನೇ ಸೀಸನ್ನಲ್ಲಿ ಒಂದು ತಪ್ಪು ಮಾಡ್ದೆ. ಬುಟ್ಟಿಗೆ ಮಣ್ಣು ಬೀಳಬಾರದು, ತೊಳೆಯೋದು ಕಷ್ಟ ಅಂತ ಎಲ್ಲರಿಗೂ ನೆಲಕ್ಕಿಂತ ಸ್ವಲ್ಪ ಮೇಲೆ ಚಾಕುವಲ್ಲಿ ಕೊಯ್ಯಿರಿ ಅಂತಿದ್ದೆ. ಒಂದು ದಿನ ಒಂದು ಫ್ಯಾಮಿಲಿ ಬುಟ್ಟಿ ತುಂಬ ಕೆಂಪು-ಕಿತ್ತಳೆ ಬಣ್ಣದ ಅಣಬೆ ತಂದ್ರು, ನುಣ್ಣಗೆ ಹೊಳೀತಿತ್ತು, ಇಲ್ಲಿ ಸಿಗೋ ಸೀಸರ್ ಅಣಬೆ, ತಿನ್ನೋ ಜಾತಿ ಅಂತ ಬಾಯಿಗೆ ಬಂದೇಬಿಟ್ಟಿತ್ತು. ನಮ್ಮ ಸೀನಿಯರ್ ಗೈಡ್ ಒಂದನ್ನ ತಿರುಗಿಸಿ ಕೊಡೆ ಕೆಳಗೆ ತೋರಿಸಿದ್ರು, ಸೀಸರ್ ಆಗಿದ್ರೆ ಅಲ್ಲಿರೋ ತೆಳು ಪದರಗಳು, ಅಂದ್ರೆ ಗಿಲ್ಸ್, ಹಳದಿ ಇರಬೇಕು, ಇದರದ್ದು ಅಚ್ಚ ಬಿಳಿ. ಆಮೇಲೆ ಆ ಜಾಗಕ್ಕೇ ವಾಪಸ್ ಹೋಗಿ ಮಣ್ಣಲ್ಲಿ ಉಳಿದಿದ್ದ ಬುಡ ಕಿತ್ತು ನೋಡಿದ್ವಿ. ಸೀಸರ್‌ಗೆ ಬುಡದಲ್ಲಿ ಒಡೆದ ಮೊಟ್ಟೆ ಸಿಪ್ಪೆ ತರ ಬಿಳಿ ಚೀಲ ಇರುತ್ತೆ, ಇಲ್ಲಿ ಇದ್ದಿದ್ದು ದಪ್ಪ ಗೆಡ್ಡೆ, ಸುತ್ತ ಉಂಗುರ ಉಂಗುರವಾಗಿ ಹುರುಪೆ. ಅಮಾನಿಟಾ ಮಸ್ಕೇರಿಯಾ, ಕೆಂಪು ಮೇಲೆ ಬಿಳಿ ಚುಕ್ಕೆ ಇರೋ ವಿಷದ ಅಣಬೆ. ರಾತ್ರಿಯೆಲ್ಲ ಸುರಿದ ಮಳೇಲಿ ಚುಕ್ಕೆ ತೊಳ್ಕೊಂಡು ಹೋಗಿತ್ತು ಅಷ್ಟೇ.

ಆವತ್ತು ನನಗೆ ಕೈ ನಡುಗಿದ್ದು ಆ ಕೆಂಪು ಅಣಬೆಗಿಂತ ಬಿಳಿದನ್ನ ನೆನೆಸ್ಕೊಂಡು. ಡೆಸ್ಟ್ರಾಯಿಂಗ್ ಏಂಜೆಲ್ ಅಂತ ಜೀವ ತೆಗೆಯೋ ಬಿಳಿ ಅಣಬೆ ಒಂದಿದೆ, ಅದಕ್ಕೂ ಬುಡದಲ್ಲೇ ಚೀಲ ಇರೋದು, ಕೊಯ್ದು ತಂದ್ರೆ ದೊಡ್ಡ ಗುರುತೇ ಕಾಡಲ್ಲಿ ಉಳಿದುಹೋಗುತ್ತೆ. ತಿಂದು ಸುಮಾರು 6ರಿಂದ 12 ಗಂಟೆ ಏನೂ ಆಗಲ್ಲ, ಆಮೇಲೆ ವಾಂತಿ ಭೇದಿ, ಅದೂ ನಿಂತು ಹುಷಾರಾದ್ರು ಅನ್ನೋ ಹೊತ್ತಿಗೆ ಒಳಗೆ ಲಿವರ್ ಹಾಳಾಗ್ತಿರುತ್ತೆ.

ಈಗ ಚಾಕು ಮೊನೆ ಮಣ್ಣೊಳಗೆ ಇಳಿಸಿ ಇಡೀ ಬುಡ ಎಬ್ಬಿಸೋದನ್ನ ಮೊದಲ ಹತ್ತು ನಿಮಿಷ ಬರೀ ಅದನ್ನೇ ಮಾಡಿಸ್ತೀನಿ. ಮೊಟ್ಟೆ ತರ ಇರೋ ಎಳೇದನ್ನ ಮೇಲಿಂದ ಕೆಳಗೆ ಸೀಳಿ ನೋಡ್ತೀವಿ, ಒಳಗೆ ಪುಟ್ಟ ಕೊಡೆಯ ಆಕಾರ ಕಂಡ್ರೆ ಅದು ಪಫ್‌ಬಾಲ್ ಅನ್ನೋ ಕೊಡೆಯಿಲ್ಲದ ದುಂಡನೆ ಅಣಬೆ ಅಲ್ಲ. ಒಂದೊಂದು ಜಾತಿಗೂ ಬೇರೆ ಪೇಪರ್ ಕವರ್. ಮಣ್ಣಾಗುತ್ತೆ ಅನ್ನೋರಿಗೆ ಬ್ರಶ್ ನಾನೇ ಇಟ್ಕೊಂಡಿರ್ತೀನಿ, ಗುರುತು ಹಿಡಿದಾದ ಮೇಲೆ ಅಲ್ಲೇ ಮರದ ಕೆಳಗೆ ಕೂತು ಒರೆಸಿ ಕೊಡ್ತೀನಿ.