ಲಿಗೆಟಿ ಕಾರ್ಯಕ್ರಮ ಪ್ರವಾಸ ಹೊರಟರೆ ಸ್ಟ್ಯಾಂಡ್ ಲೆಕ್ಕ ಬದಲಾಗುತ್ತದೆ

ಸಿಂಫನಿ ವಾದ್ಯವೃಂದದ ಲೈಬ್ರರಿಯವರಿಗೂ ವೇದಿಕೆ ಸಿಬ್ಬಂದಿಗೂ ಬಾಯಿಪಾಠವಾದ ಲೆಕ್ಕ ಒಂದಿದೆ: ಪಿಟೀಲಿನವರಿಗೆ ಇಬ್ಬರಿಗೊಂದು ಸ್ಟ್ಯಾಂಡ್, ಅಂದರೆ ಸ್ವರಲಿಪಿಯ ಪುಟ ಇಡುವ ಚೌಕಟ್ಟು. ಬ್ರಾಮ್ಸ್, ಚೈಕೋವ್‌ಸ್ಕಿಗೆ ಅದು ಸಾಕು. ಸಂಗೀತ ರಚನಕಾರ ಜ್ಯೋರ್ಜ್ ಲಿಗೆಟಿಯ (1923–2006) ‘ಅಟ್ಮೊಸ್ಫೇರ್’ ಪಟ್ಟಿಗೆ ಸೇರಿತೋ, ಆ ಲೆಕ್ಕ ಮರೆಯಬೇಕು.

1961ರ ಈ ಕೃತಿ ಸುಮಾರು ಒಂಬತ್ತೇ ನಿಮಿಷದ್ದು. ಆದರೆ 14 ಮೊದಲ ಪಿಟೀಲು, 14 ಎರಡನೇ ಪಿಟೀಲು, 10 ವಿಯೋಲಾ, 10 ಚೆಲ್ಲೊ, 8 ಡಬಲ್ ಬಾಸ್, ಹೀಗೆ 56 ಜನರಿಗೂ ಅವರವರದೇ ಸ್ವರಸಾಲು. ಒಬ್ಬರಿಗೊಂದು ಸ್ಟ್ಯಾಂಡ್ ಇಟ್ಟುಬಿಡುವುದೇ ಕ್ಷೇಮ. ಸ್ಟ್ಯಾಂಡ್ ಹೆಚ್ಚಿದಷ್ಟೂ ಸಾಲುಗಳು ಅಗಲವಾಗಿ, ಹಿಂದಿರುವ 6 ಹಾರ್ನ್, 4 ಟ್ರಂಪೆಟ್, 4 ಟ್ರೊಂಬೋನ್ ಗೋಡೆಗೆ ಒತ್ತರಿಸುತ್ತವೆ. ಹಾಗಾಗಿ ಪ್ರತಿ ಊರಿನ ವೇದಿಕೆಯ ಅಳತೆ ಮೊದಲೇ ತರಿಸಿಕೊಂಡು, ಇಡೀ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಜಾಗ ಬೇಡುವ ಈ ಕೃತಿಗೇ ನಕ್ಷೆ ಹಾಕಿ. ತಾಳವಾದ್ಯ ಇಲ್ಲದಿರುವುದೊಂದು ಪುಣ್ಯ.

ಹೆಚ್ಚು ಎಡವುವುದು ಯಾರಾದರೂ ಕಾಯಿಲೆ ಬಿದ್ದ ದಿನ. ಅಭ್ಯಾಸಬಲದಿಂದ ಹಿಂದಿನವರನ್ನೆಲ್ಲ ಒಂದೊಂದು ಕುರ್ಚಿ ಮುಂದಕ್ಕೆ ಸರಿಸುತ್ತಾರೆ. ಬ್ರಾಮ್ಸ್‌ನಲ್ಲಿ ಅದರಿಂದ ನಷ್ಟವಿಲ್ಲ, ಎಲ್ಲರದೂ ಅದೇ ಸ್ವರ. ಇಲ್ಲಿ ಸರಿದವರೆಲ್ಲ ತಾವು ಕಂಡೇ ಇರದ ಸಾಲು ನುಡಿಸಬೇಕಾಗುತ್ತದೆ. ಕುರ್ಚಿ ಬದಲಾಗಲಿ, ಪುಟ ಮಾತ್ರ ವ್ಯಕ್ತಿಯ ಜತೆಗೇ ಹೋಗಬೇಕು. ಅದಕ್ಕೇ ಫೋಲ್ಡರ್ ಮೇಲೆ ಕುರ್ಚಿಯ ಸಂಖ್ಯೆಯಲ್ಲ, ಹೆಸರು ಬರೆಯುವುದು. ಬದಲಿ ವಾದಕರಿಲ್ಲದಿದ್ದರೆ ಯಾವ ಸಾಲು ಬಿಡಬೇಕೆಂದು ನಿರ್ದೇಶಕರೇ ಹೇಳಲಿ. ನಾವು ಊಹಿಸುವ ವಿಷಯವಲ್ಲ ಅದು.

ಪಿಯಾನೊ ಇನ್ನೊಂದು ತಲೆನೋವು. ಇಬ್ಬರು ಅದರ ತಂತಿಗಳ ಮೇಲೆ ಬ್ರಷ್ ಆಡಿಸುತ್ತಾರೆ. ಪಿಯಾನೊ ಸಭಾಂಗಣದ್ದು; ಸಂಜೆ ಹೋಗಿ ಕೇಳಿದರೆ ಅದನ್ನು ಶ್ರುತಿ ಮಾಡುವ ಟ್ಯೂನರ್ ಒಪ್ಪುವುದಿಲ್ಲ, ಅವರ ಮೇಲೆ ಕೋಪಿಸಿಕೊಂಡೂ ಫಲವಿಲ್ಲ. ಬಳಸುವ ಬ್ರಷ್‌ನ ಫೋಟೊ ಕಳಿಸಿ, ಬರಹದಲ್ಲಿ ಒಪ್ಪಿಗೆ ಪಡೆದೇ ಹೊರಡಿ.

ಲಿಗೆಟಿಗೇ ಮೀಸಲಾದ ಉತ್ಸವವಾದರೆ ನೂರು ಮೆಟ್ರೋನೋಮ್‌ಗಳ (ಟಿಕ್ ಟಿಕ್ ಎಂದು ಲಯ ತೋರಿಸುವ ಯಂತ್ರಗಳ) ‘ಪೋಯೆಮ್ ಸಿಂಫೊನಿಕ್’ (1962) ಕೂಡ ಬರಬಹುದು. ಕೀಲಿ ಕೊಡುವ ಹಳೇ ಮಾದರಿಯವೇ ಆಗಬೇಕು, ಬ್ಯಾಟರಿಯದು ನಿಲ್ಲುವುದೇ ಇಲ್ಲ. ಒಂದೊಂದಾಗಿ ನಿಂತುಹೋಗುವುದೇ ಅಲ್ಲಿ ಸಂಗೀತ. ಮೇಜು ಒಂದಿಷ್ಟು ವಾಲಿದರೂ ಬಡಿತ ಕುಂಟುತ್ತದೆ, ಬೇಗ ನಿಲ್ಲುತ್ತದೆ, ಆದ್ದರಿಂದ ಮಟ್ಟಗೋಲು ಜತೆಗಿರಲಿ. ಪೆಟ್ಟಿಗೆಗೆ ತುಂಬುವ ಮೊದಲು ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಓಡಿಸಿ. ಟಿಕ್ ಟಿಕ್ ಎನ್ನುವ ಪೆಟ್ಟಿಗೆಯನ್ನು ವಿಮಾನಕ್ಕೆ ಹತ್ತಿಸಲು ಯಾರೂ ಬಿಡುವುದಿಲ್ಲ. ಹತ್ತು ಹೆಚ್ಚುವರಿ ಒಯ್ಯುವುದಾದರೆ ಎಟಿಎ ಕಾರ್ನೆಯಲ್ಲಿ (ಸಾಮಾನನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಹೊರದೇಶಕ್ಕೆ ಒಯ್ದು ತರುವ ಕಸ್ಟಮ್ಸ್ ದಾಖಲೆ) 110 ಎಂದೇ ನಮೂದಿಸಿ. ದಾರಿಯಲ್ಲಿ ಮುರಿದವನ್ನೂ ಬಿಸಾಡಬೇಡಿ, ವಾಪಸಾಗುವಾಗ ಗಡಿಯಲ್ಲಿ ಎಣಿಸುವವರಿಗೆ ಅವೂ ಬೇಕು.