ಫ್ರೇಮಿಂಗ್‌ಹ್ಯಾಮ್‌ನಲ್ಲಿ ಕೂತು ಅಪ್ಪನ ಬಿಪಿ ಯೋಚನೆ

"ಪ್ರಾಯ ಆದ ಮೇಲೆ ಬಿಪಿ ಇರುವುದೇ ಮಾರಾಯ್ತಿ. ತಲೆ ತಿರುಗುವುದಿಲ್ಲ, ಎದೆನೋವಿಲ್ಲ. ಮಾತ್ರೆ ಬಿಟ್ಟೆ."

ಉಡುಪಿಯಿಂದ ಅಪ್ಪ ಫೋನಿನಲ್ಲಿ ಹೀಗಂದಾಗ ನನಗೆ ಕೈಕಾಲು ತಣ್ಣಗಾಯಿತು. ಯಾಕೆಂದರೆ ನಾನಿರುವ ಊರು ಫ್ರೇಮಿಂಗ್‌ಹ್ಯಾಮ್. ಅಮೆರಿಕದ ಬಾಸ್ಟನ್ನಿನಿಂದ ಸುಮಾರು 30 ಕಿಲೋಮೀಟರ್ ದೂರ. ಅಪ್ಪನ ಆ ಮಾತು ತಪ್ಪು ಅಂತ ಜಗತ್ತಿಗೆ ತೋರಿಸಿಕೊಟ್ಟದ್ದೇ ಈ ಊರು.

1948ರಲ್ಲಿ ಇಲ್ಲಿ ಶುರುವಾದ ಹೃದಯ ಅಧ್ಯಯನಕ್ಕೆ 5,209 ಜನ ಸೇರಿದರು. ಎರಡು ವರ್ಷಕ್ಕೊಮ್ಮೆ ಅವರ ತಪಾಸಣೆ. ಯಾರಿಗೆ ಹೃದಯದ ಕಾಯಿಲೆ ಬರುತ್ತದೆ, ಯಾರಿಗೆ ಬರುವುದಿಲ್ಲ ಅಂತ ವರ್ಷಗಟ್ಟಲೆ ಕಾದು ನೋಡಿದರು. 1971ರಲ್ಲಿ ಅವರ ಮಕ್ಕಳು ಸೇರಿದರು, 2002ರಲ್ಲಿ ಮೊಮ್ಮಕ್ಕಳು. ನಮ್ಮ ಪಕ್ಕದ ಮನೆಯ ಅಜ್ಜಿ ಆ ಮಕ್ಕಳ ಗುಂಪಿನವರು. ತಪಾಸಣೆಯ ದಿನ ಅವರ ಅಮ್ಮ ಚರ್ಚಿಗೆ ಹಾಕುವ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದರಂತೆ. ನಮ್ಮಲ್ಲಿ ಭೂತದ ನೇಮಕ್ಕೆ ಹೊರಟ ಹಾಗೆ ಅಲ್ವಾ!

ಅದಕ್ಕೆ ಮೊದಲು ಎಷ್ಟೋ ಡಾಕ್ಟರುಗಳೇ ಅಪ್ಪನ ಹಾಗೆ ನಂಬಿದ್ದರು. ವಯಸ್ಸಾದಂತೆ ಬಿಪಿ ಏರುವುದು ಸಹಜ, ಇಳಿಸುವುದೇ ಅಪಾಯ ಅನ್ನುವವರೂ ಇದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಬಿಪಿ ವರ್ಷಗಳಿಂದ ಏರುತ್ತಲೇ ಇತ್ತು. 1945ರಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಬಿಪಿ, ಕೊಲೆಸ್ಟರಾಲ್ ಜಾಸ್ತಿ ಇದ್ದವರಿಗೆ ಹೃದಯದ ಕಾಯಿಲೆ ಹೆಚ್ಚು ಅಂತ 1961ರ ಹೊತ್ತಿಗೆ ಇಲ್ಲಿಯ ಲೆಕ್ಕ ತೋರಿಸಿತು. ಸಿಗರೇಟಿನ ಕತೆಯೂ ಅದೇ. ಏನೂ ತೊಂದರೆ ಇಲ್ಲ ಅಂತ ಓಡಾಡಿಕೊಂಡಿದ್ದವರಲ್ಲೇ ಕಾಯಿಲೆ ಒಳಗೊಳಗೆ ಬೆಳೆಯುತ್ತಿತ್ತು.

ಮೊದಲ ಗುಂಪಿನವರು ಹೆಚ್ಚುಕಡಿಮೆ ಎಲ್ಲ ಬಿಳಿಯರೇ, ನಿಜ. ಆದರೆ ಅಷ್ಟಕ್ಕೆ ನಾವು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ನಮ್ಮ ಕಡೆಯವರಿಗೆ, ಅಂದರೆ ದಕ್ಷಿಣ ಏಷ್ಯಾದವರಿಗೆ, ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಆಗಿತ್ತು.

ಇದನ್ನೆಲ್ಲ ಅಪ್ಪನಿಗೆ ಒಂದೇ ಸಲ ಹೇಳಲಿಲ್ಲ. ಗಂಜಿಗೆ ಮಿಡಿ ಉಪ್ಪಿನಕಾಯಿ, ಹಪ್ಪಳ ಇಲ್ಲದೆ ಅವರ ಊಟ ಮುಗಿಯುವುದಿಲ್ಲ. ಅದನ್ನು ಬಿಡಿ ಅನ್ನಲು ನನಗೂ ಮನಸ್ಸು ಬರಲಿಲ್ಲ, ಕಡಿಮೆ ಮಾಡಿ ಅಂದೆ. ಡಾಕ್ಟರಿಗೆ ತೋರಿಸಿ, ಅವರನ್ನು ಕೇಳದೆ ಸುಮ್ನೆ ಮಾತ್ರೆ ಬಿಡಬೇಡಿ ಅಂತ ಮಾತ್ರ ಗಟ್ಟಿಯಾಗಿ ಹೇಳಿದೆ. ಅಪ್ಪ ಮೂರು ದಿನ ಮಾತಾಡಲಿಲ್ಲ.

ನಿನ್ನೆ ಅಮ್ಮ ಅಡುಗೆಮನೆಯ ಕ್ಯಾಲೆಂಡರಿನ ಫೋಟೋ ಕಳಿಸಿದ್ದಳು. ಹಾಲಿನ ಲೆಕ್ಕದ ಪಕ್ಕದಲ್ಲಿ ಅಪ್ಪನ ಪುಟ್ಟ ಅಕ್ಷರ: 152/94, 146/90, 138/86.