ಯಾರವ್ವ ಇಕಿ?

ಮಂಗಳವಾರ ಸಂಜೆ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ಗೇಟಿನ ಬಳಿ ಆ ಹುಡುಗಿ ನಮ್ಮ ಕಥಾಪತ್ರಿಕೆಯ ಮೊದಲ ಸಂಚಿಕೆ ಹಿಡಿದು ನಿಂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಅಕ್ಕಾ, ರಾತ್ರಿ ನಮ್ಮವ್ವಗ ಕಥಿ ಓದಿ ಹೇಳಿದ್ನಿ. ಪೂರಾ ಕೇಳಿ, ಯಾರವ್ವ ಇಕಿ ಅಂದಳು."

ಬರೆದವಳು ಅವಳು, ಕಥೆ ಅವಳ ಅವ್ವನದೇ. ಕಲಬುರಗಿ ಕಡೆಯಿಂದ ಬಂದು, ಬೆಳಿಗ್ಗೆ ನಾಕಾದಲ್ಲಿ, ಅಂದರೆ ಆಳುಗಳು ಕೆಲಸಕ್ಕೆ ಕಾಯುವ ಕೂಡುರಸ್ತೆಯಲ್ಲಿ, ಕೂಲಿಗೆ ನಿಂತು, ಮಗಳನ್ನು ಎಂ.ಎ.ವರೆಗೆ ಓದಿಸಿದ ಹೆಂಗಸು.

ತಿದ್ದಿದ್ದು ನಾನು. ಕಥೆಯಲ್ಲಿ ಅವ್ವ, "ಖೋಲಿ ಖಾಲಿ ಮಾಡಂದ್ರ ಎಲ್ಲಿಗಿ ಹೋಗಬೇಕವ್ವ?" ಅನ್ನುತ್ತಾಳೆ. ನಾನು, "ಕೋಣೆ ತೆರವು ಮಾಡು ಎಂದರೆ ಎಲ್ಲಿಗೆ ಹೋಗಬೇಕಮ್ಮಾ?" ಎಂದು ಮಾಡಿದೆ. ಓದುಗರಿಗೆ ತಿಳಿಯಲಿ ಎಂದು. ಪುಟ ಕಟ್ಟುವ ಗೆಳೆಯ ಅಂದೇ, "ಇದು ಸತ್ತುಹೋಯ್ತು ಮಾರಾಯ್ತಿ" ಎಂದಿದ್ದ. ಪದ್ಯ ಬರೆಯುವವನು, ಅವನ ಕಿವಿ ಚುರುಕು. ಆದರೆ ಆ ವಾರ ನಮ್ಮ ತಲೆ ತುಂಬ ಬೇರೆಯದೇ ಇತ್ತು. 'ನುಡಿ' ತಂತ್ರಾಂಶದಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ತಂದರೆ ಒತ್ತಕ್ಷರಗಳು ಚದುರುತ್ತಿದ್ದವು. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ನಮ್ಮದು 34 ಆಗಿ ಕೂತಿತ್ತು. 32ಕ್ಕೆ ಇಳಿಸುವ ಗಡಿಬಿಡಿಯಲ್ಲಿ ಅವನ ಮಾತನ್ನು ದಾಟಿಬಿಟ್ಟೆ.

ಯಾರವ್ವ ಇಕಿ?

ಮನೆಗೆ ಹೋಗುವಾಗ ಲೋಕಲ್ ರೈಲಿನಲ್ಲಿ ತಲೆಯಲ್ಲಿ ಇದೇ ಮಾತು. ಕೋಣೆ ಎಂದರೆ ಮನೆಯೊಳಗಿನ ಒಂದು ಭಾಗ. ಈ ಊರಲ್ಲಿ ಖೋಲಿ ಎಂದರೆ ಎಷ್ಟೋ ಸಂಸಾರಗಳಿಗೆ ಅದೇ ಇಡೀ ಮನೆ. ಅಡುಗೆ, ಮೋರಿ, ನಿದ್ದೆ, ಮಗಳ ಓದು, ಎಲ್ಲವೂ ಆ ನಾಲ್ಕು ಗೋಡೆಯೊಳಗೆ. ಅದನ್ನು ಬಿಡು ಎಂದಾಗ ಬಾಯಿಗೆ ಬಂದ ಮಾತನ್ನು ನಾನು ಶಾಲೆಯ ಪಾಠದಂತೆ ಒಪ್ಪ ಮಾಡಿದ್ದೆ. ನಮ್ಮ ಕರಾವಳಿಯ "ಎಂಥ ಮಾಡುದು"ವನ್ನು ಯಾರಾದರೂ ಹೀಗೆ ತಿದ್ದಿದ್ದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಕಲಬುರಗಿಯ ಮಾತಿಗೆ ಮಾತ್ರ ಪೆನ್ನು ಎತ್ತಿದೆ. ಅದು ನನಗೆ ನೋವಾಗಿಯೇ ಉಳಿದಿದೆ.

ಕಥೆಗಾರ ಯಶವಂತ ಚಿತ್ತಾಲರು ಬಾಂದ್ರಾದ ಸಮುದ್ರದೆದುರು ಕೂತು ಉತ್ತರ ಕನ್ನಡದ ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಬರೆದರು. ಮುಂಬಯಿ ಕನ್ನಡದ ಕಥೆ ಎಂದಾಗ ನಮಗೆ ಮೊದಲು ನೆನಪಾಗುವುದು ಇಂಥ ಕರಾವಳಿಯ ಹೆಸರುಗಳೇ, ಆಮೇಲೆ ಹೋಟೆಲು, ರಾತ್ರಿಶಾಲೆ. ನಾಕಾದಲ್ಲಿ ಬುತ್ತಿ ಹಿಡಿದು ನಿಂತವರ ಕನ್ನಡವೂ ಇದೇ ಊರಿನದು. ವಿದ್ಯಾರ್ಥಿಗಳೇ ಕೈಯಿಂದ ದುಡ್ಡು ಹಾಕಿ ಪತ್ರಿಕೆ ಹೊರಡಿಸಿದ್ದು ಆ ಕನ್ನಡ ಅಚ್ಚಾಗಲಿ ಎಂದಲ್ಲದೆ ಮತ್ತೇಕೆ? ಅದು ಬಾಗಿಲಿಗೆ ಬಂದಾಗ ನಾನು ಬಟ್ಟೆ ಬದಲಿಸಿ ಒಳಗೆ ಕರೆದೆ.

"ತಿದ್ದುಪಡಿ ಚೀಟಿ ಅಂಟಿಸಿ ಹಂಚೋಣವಾ?" ಎಂದು ಕೇಳಿದ್ದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೀಟಿ ಬ್ಯಾಡಕ್ಕಾ. ನಮ್ಮವ್ವಗ ಇನ್ನೊಮ್ಮಿ ಓದಿ ಹೇಳಬೇಕು" ಎಂದಳು.

ನಿನ್ನೆ ರಾತ್ರಿ ಎರಡನೇ ಸಂಚಿಕೆಯ ಕಡತದಲ್ಲಿ ಅವಳ ಮೂಲ ಕಥೆಯನ್ನು ಒಂದಕ್ಷರ ಮುಟ್ಟದೆ ಮತ್ತೆ ಕೂರಿಸಿದೆವು. ನಾಲ್ಕು ಪುಟ ಬೇಕಾಯಿತು. ನನ್ನ ಸಂಪಾದಕೀಯವನ್ನೂ ನನ್ನದೊಂದು ಕಥೆಯನ್ನೂ ತೆಗೆದೆ. ಲೆಕ್ಕ ಸರಿಯಾಗಿ 32ಕ್ಕೆ ಬಂತು.